ಸಕ್ಕರೆ ಕಾಯಿಲೆ: ಕಣ್ಣೊಳಗೆ ರಕ್ತ ಸೋರಿದರೆ?

ಪ್ರಶ್ನೆ, ಮೂಡಿಗೆರೆಯಿಂದ: ತಾಯಿಗೆ ಸಕ್ಕರೆ ಕಾಯಿಲೆ. ಬಲಗಣ್ಣಲ್ಲಿ ಇದ್ದಕ್ಕಿದ್ದಂತೆ ಜೇಡರ ಬಲೆಯಂಥ ಕಪ್ಪು ಎಳೆಗಳು ತೇಲುತ್ತಿವೆ, ನೋವಿಲ್ಲ. ಮುಂದಿನ ವಾರ ಹಾಸನಕ್ಕೆ ಹೋದರೆ ಸಾಕೇ?

ಉತ್ತರ 1: ಕಾಯಬೇಡಿ, ಇವತ್ತೇ ಹೊರಡಿ. ನೋವಿಲ್ಲದಿರುವುದೇ ಇದರ ಮೋಸ. ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ಪರದೆ, ರೆಟಿನಾ) ಕಿರುನಾಳಗಳ ಗೋಡೆ ಸಡಿಲವಾಗಿ, ಅಲ್ಲಲ್ಲಿ ಉಬ್ಬಿ ಸೋರುತ್ತದೆ. ರಕ್ತ ಸಿಗದ ಜಾಗದಲ್ಲಿ ಹುಟ್ಟುವ ಹೊಸ ನಾಳಗಳು ಇನ್ನೂ ದುರ್ಬಲ. ಅವು ಒಡೆದು ಕಣ್ಣೊಳಗೆ ರಕ್ತ ಸೋರಿದರೆ ಹೀಗೆ ಎಳೆ ಕಾಣುತ್ತದೆ. ರಕ್ತ ದಟ್ಟವಾಗಿದ್ದರೆ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿ ಅಕ್ಷಿಪಟಲ ಕಳಚಿದೆಯೇ ನೋಡುತ್ತಾರೆ.

ಉತ್ತರ 2: ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ 4-6 ಗಂಟೆ ಮಂಜು, ಜೊತೆಗೊಬ್ಬರು ಇರಲಿ. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿಸಿ, ರಕ್ತ ಕೆಳಗಿಳಿಯುತ್ತದೆ. ಕಾಫಿ ಮೂಟೆ ಎತ್ತುವುದು ಬೇಡವೇ ಬೇಡ. ಆಸ್ಪಿರಿನ್ ನೀವಾಗಿಯೇ ನಿಲ್ಲಿಸಬೇಡಿ.

ಉತ್ತರ 3: ಹೊಸ ನಾಳ ಬಾಡಿಸಲು ಲೇಸರ್ ಅಥವಾ ಕಣ್ಣಿಗೆ ಇಂಜೆಕ್ಷನ್. ರಕ್ತ ಕರಗದಿದ್ದರೆ ವಿಟ್ರೆಕ್ಟಮಿ, ಅಂದರೆ ಕಣ್ಣೊಳಗಿನ ರಕ್ತ ಬೆರೆತ ಲೋಳೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಎಡಗಣ್ಣನ್ನೂ ತೋರಿಸಿ.