ಹೊಸ ಹೆಡ್‌ಫೋನ್ 100 ಗಂಟೆ ಓಡಿಸ್ಬೇಕಾ? ಸಹಾಯ ಬೇಕು

ನಮಸ್ಕಾರ, ಶಿರಸಿಯಿಂದ. ಹೋದ ವಾರ ಕಿವಿ ಪೂರ್ತಿ ಮುಚ್ಚೋ ವೈರ್ ಹೆಡ್‌ಫೋನ್ ತಗೊಂಡೆ, ಯಕ್ಷಗಾನದ ಹಳೇ ರೆಕಾರ್ಡಿಂಗ್ ಕೇಳೋಕೇ ಅಂತ. ಆದ್ರೆ ಚಂಡೆ ಪೆಟ್ಟು ಕಿವಿಗೆ ಚುಚ್ಚಿದಂಗೆ ಬರ್ತದೆ, ಮದ್ದಳೆ ನಾದ ತೆಳು, ಭಾಗವತರ ದನಿ ಡಬ್ಬದೊಳಗಿಂದ ಬಂದಂಗೆ. ಅಂಗಡಿಯವ್ರು 100 ಗಂಟೆ ಪಿಂಕ್ ನಾಯ್ಸ್ (ಮಳೆ ಸುರಿದಂಗೆ ಒಂದೇ ಸಮ ಬರೋ ಸದ್ದು) ಹಾಕಿಡಿ, ಒಳಗಿನ ಡಯಾಫ್ರಮ್ (ಅದುರಿ ಸದ್ದು ಮಾಡೋ ತೆಳು ಪೊರೆ) ಸಡಿಲಾಗಿ ಸರಿಯಾಗ್ತದೆ ಅಂದ್ರು. ನಂಗೆ ಅನ್ಸೋದು, ಅದಕ್ಕಿಂತ ನಮ್ಮ ಕಿವಿನೇ ಒಗ್ಗಿಕೊಳ್ತದೆ, ಇಯರ್‌ಪ್ಯಾಡ್ ಮೆತ್ತಗಾಗಿ ಸರಿ ಕೂತ್ರೆ ಬಾಸ್ ಬರ್ತದೆ, ನಾನು ಕನ್ನಡಕದವ ಬೇರೆ, ಕಡ್ಡಿ ಸಂದಿಲಿ ಬಾಸ್ ಸೋರ್ತಿರ್ಬೇಕು (ಕನ್ನಡಕ ತೆಗೆದು ಒತ್ತಿ ಹಿಡಿದೆ, ಮದ್ದಳೆ ತುಂಬಿ ಬಂತು!). ವಾಪಸ್ ಕೊಡೋಕೆ 3 ದಿನ ಮಾತ್ರ ಉಂಟು. ಒಂದೇ ಮಾಡೆಲ್‌ನ ಹೊಸದು ಹಳೇದು ಎರಡೂ ಒಟ್ಟಿಗೆ ಇಟ್ಟು ಕೇಳಿದವ್ರು ಯಾರಾದ್ರೂ ಇದ್ರೆ ಹೇಳಿ ಮಾರಾಯ್ರೆ, ಕಾಯ್ಲಾ, ವಾಪಸ್ ಮಾಡ್ಲಾ?