ಕಳೆ ನಿರ್ವಹಣೆಯಲ್ಲಿ ಎಂ.ಎಸ್ಸಿ.: ಮಗಳ ಆಯ್ಕೆ ಸರಿಯೇ?

ಹಡಪಸರದ ತಾಯಿ:
ನಾವು ಮೂಲತಃ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಇಪ್ಪತ್ತೆರಡು ವರ್ಷಗಳಿಂದ ಪುಣೆಯಲ್ಲಿದ್ದೇವೆ. ಇಲ್ಲಿಯೇ ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದಲ್ಲಿರುವ ಮಗಳಿಗೆ ಬೇಸಾಯಶಾಸ್ತ್ರದಲ್ಲಿ ಎಂ.ಎಸ್ಸಿ.ಗೆ ಸೇರಿ ಕಳೆ ನಿರ್ವಹಣೆಯ ಮೇಲೆಯೇ ಪ್ರಬಂಧ ಬರೆಯಬೇಕೆಂಬ ಹಟ. ಊರಿನಲ್ಲಿ ನಮ್ಮ ಅತ್ತೆಯವರು ಇದನ್ನು ಕೇಳಿ, "ಕಸಾ ತಗ್ಯಾಕ ಎಂ.ಎಸ್ಸಿ. ಬೇಕೇನ?" ಎಂದು ನಕ್ಕರು. ನಾನೂ ನಕ್ಕೆನಾದರೂ ನನಗೆ ಉತ್ತರ ಹೊಳೆಯಲಿಲ್ಲ. ಕಳೆನಾಶಕ ಹೊಡೆದರೆ ಮುಗಿಯುವ ಕೆಲಸದಲ್ಲಿ ವಿಜ್ಞಾನಿಯೊಬ್ಬರು ಜೀವಮಾನವಿಡೀ ಏನು ಮಾಡುತ್ತಾರೆ? ಮುಂದೆ ಉದ್ಯೋಗ ಎಲ್ಲಿ ದೊರೆಯುತ್ತದೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಬೇಸಾಯಶಾಸ್ತ್ರಜ್ಞ, ಔಂಧ್:
ತಾಯಿ, ಜೋಳದಲ್ಲಿ ಯಾವಾಗ ಎಡೆ ಹೊಡೆಯಬೇಕು, ಯಾವ ವಾರ ತಪ್ಪಿದರೆ ಬೆಳೆ ಕೈಬಿಡುತ್ತದೆ ಎಂಬುದು ನಿಮ್ಮ ಅತ್ತೆಯವರಿಗೆ ಖಂಡಿತ ಗೊತ್ತಿರುತ್ತದೆ. ನಾವು ಮಾಡುವುದು ಅದನ್ನೇ ಅಳೆಯುವ ಕೆಲಸ. ಒಂದು ತಾಕಿನಲ್ಲಿ ಕಳೆಯನ್ನು ಕೊನೆಯವರೆಗೂ ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಒಂದು ಕಳೆಯೂ ಉಳಿಯದಂತೆ ನೋಡಿಕೊಳ್ಳುತ್ತೇವೆ. ನಡುವಿನ ತಾಕುಗಳಲ್ಲಿ 15, 30, 45 ದಿನಗಳವರೆಗೆ ಎಂದು ಬೇರೆ ಬೇರೆ ಅವಧಿಗೆ ಕೀಳಿಸಿ, ಇಳುವರಿ ಎಲ್ಲಿಂದ ಕುಸಿಯಲಾರಂಭಿಸುತ್ತದೆ ಎಂದು ನೋಡುತ್ತೇವೆ. 50 ಸೆಂಟಿಮೀಟರ್ ಚದರದ ಕಬ್ಬಿಣದ ಚೌಕಟ್ಟನ್ನಿಟ್ಟು, ಅದರೊಳಗಿನ ಹುಲ್ಲು, ಜೇಕು, ಅಗಲ ಎಲೆಯ ಕಳೆಗಳನ್ನು ಬೇರೆ ಬೇರೆಯಾಗಿ ಎಣಿಸಿ, ಕಾಗದದ ಚೀಲದಲ್ಲಿ ಒಣಗಿಸಿ ತೂಗಬೇಕು. ನನ್ನ ವೃತ್ತಿಯ ಮೊದಲ ಮೂರು ಮುಂಗಾರುಗಳು ಆ ಚೌಕಟ್ಟಿನ ಮುಂದೆ ಮಂಡಿಯೂರಿಯೇ ಕಳೆದವು.

ಹೊಡೆದರೆ ಮುಗಿಯಿತು ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಹರಿಯಾಣದ ಗೋಧಿ ಹೊಲಗಳಲ್ಲಿ ಐಸೊಪ್ರೊಟ್ಯೂರಾನ್ ಎಂಬ ಒಂದೇ ಕಳೆನಾಶಕವನ್ನು ವರ್ಷಾನುಗಟ್ಟಲೆ ಬಳಸಿದ್ದರಿಂದ, 1990ರ ದಶಕದ ಆರಂಭಕ್ಕೆ ಗುಲ್ಲಿ ದಂಡಾ ಎಂಬ ಹುಲ್ಲು ಅದಕ್ಕೆ ಜಗ್ಗದಂತಾಯಿತು. ನಾನೂ ಒಮ್ಮೆ ಎಡವಿದ್ದೇನೆ. ಜೋಳಕ್ಕೆ 2,4-ಡಿ ಎಂಬ ಕಳೆನಾಶಕ ಹೊಡೆದ ಪಂಪನ್ನು ನೀರಿನಲ್ಲಿ ಒಮ್ಮೆ ಜಾಲಾಡಿಸಿ, ಅದರಲ್ಲಿಯೇ ಹತ್ತಿಗೆ ಕೀಟನಾಶಕ ಹೊಡೆಸಿದೆ. ಕೆಲವೇ ದಿನಗಳಲ್ಲಿ ಹತ್ತಿಯ ಹೊಸ ಎಲೆಗಳು ಬೆರಳಿನಂತೆ ಸೀಳಿ, ಬೆಂಡೆ ಗಿಡದ ಎಲೆಯಂತೆ ಕಾಣತೊಡಗಿದವು. ಅಂದಿನಿಂದ ಕಳೆನಾಶಕಕ್ಕೆ ಬೇರೆಯೇ ಪಂಪು.

ನೀವಿರುವ ಊರಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ನಾವು ಕಾಂಗ್ರೆಸ್ ಗಿಡವೆಂದೂ ಇಲ್ಲಿಯವರು ಗಾಜರ್ ಗವತವೆಂದೂ ಕರೆಯುವ ಪಾರ್ಥೇನಿಯಂ ನಮ್ಮ ದೇಶದಲ್ಲಿ ಸಸ್ಯವಿಜ್ಞಾನಿಗಳ ಗಮನಕ್ಕೆ ಬಂದದ್ದು 1955ರಲ್ಲಿ, ಇದೇ ಪುಣೆಯಲ್ಲಿ. ಅದನ್ನು ತಿನ್ನುವ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಮರುವರ್ಷ ಹೊರಗೆ ಬಿಟ್ಟರು. ಆಮೇಲೆ ಅದು ಸೂರ್ಯಕಾಂತಿಯ ಎಲೆಯನ್ನೂ ಕಚ್ಚಿತೆಂದು ದೊಡ್ಡ ಗದ್ದಲವೆದ್ದು, ಮತ್ತೆ ಅಧ್ಯಯನಗಳು ನಡೆದವು. ದುಂಬಿ ಮಳೆಗಾಲದಲ್ಲಿ ಚುರುಕಾಗಿ ತಿಂದು, ಒಣ ಹವೆಯಲ್ಲಿ ಮಣ್ಣಿನೊಳಗೆ ಅಡಗಿ ಕೂರುತ್ತದೆ. ಗಿಡವಾದರೋ ತೇವ ಸಿಕ್ಕಲ್ಲೆಲ್ಲ ವರ್ಷವಿಡೀ ಏಳುತ್ತದೆ. ಈ ಅಂತರವನ್ನು ತುಂಬುವುದೇ ಒಂದು ಜೀವಮಾನದ ಕೆಲಸ.

ವಾಕಡದಿಂದ ಒಬ್ಬರು:
ಉದ್ಯೋಗದ ಬಗ್ಗೆ ನನ್ನ ಎರಡು ಮಾತು. ಕಳೆ ಸಂಶೋಧನೆಗೆಂದೇ ಜಬಲ್ಪುರದಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ನಿರ್ದೇಶನಾಲಯವಿದೆ. ಅದರ ಸಮನ್ವಿತ ಯೋಜನೆಯ ಕೇಂದ್ರಗಳು ಹಲವು ಕೃಷಿ ವಿಶ್ವವಿದ್ಯಾಲಯಗಳಲ್ಲಿವೆ. ಪರಿಷತ್ತಿನ ವಿಜ್ಞಾನಿಯಾಗಲು ನೇಮಕಾತಿ ಮಂಡಳಿಯ ಎ.ಆರ್.ಎಸ್. (ಕೃಷಿ ಸಂಶೋಧನಾ ಸೇವೆ) ಪರೀಕ್ಷೆಯನ್ನು, ವಿಶ್ವವಿದ್ಯಾಲಯಗಳಲ್ಲಿ ಬೋಧಿಸಲು ನೆಟ್ (ರಾಷ್ಟ್ರೀಯ ಅರ್ಹತಾ) ಪರೀಕ್ಷೆಯನ್ನು ಗಮನದಲ್ಲಿಟ್ಟುಕೊಳ್ಳಲಿ. ನಿಮಗೆ ಹತ್ತಿರದ ಮಾಂಜರಿಯಲ್ಲಿಯೇ ವಸಂತದಾದಾ ಸಕ್ಕರೆ ಸಂಸ್ಥೆಯೂ ದ್ರಾಕ್ಷಿ ಸಂಶೋಧನಾ ಕೇಂದ್ರವೂ ಇವೆ. ನಾನು ಖಾಸಗಿ ಕಂಪನಿಯೊಂದರಲ್ಲಿ ಕಳೆನಾಶಕಗಳ ಕ್ಷೇತ್ರ ಪ್ರಯೋಗ ನಡೆಸುತ್ತೇನೆ. ಸಂಬಳ ಚೆನ್ನಾಗಿದೆ, ಆದರೆ ತಿಂಗಳಿಗೆ ಇಪ್ಪತ್ತು ದಿನ ತಿರುಗಾಟ. ಇಮಾಜೆಥಾಪಿರ್ ಎಂಬ ಕಳೆನಾಶಕವನ್ನು ಸಹಿಸುವ ಎರಡು ಬಾಸ್ಮತಿ ತಳಿಗಳು 2021ರಲ್ಲಿ ಬಿಡುಗಡೆಯಾದ ಮೇಲೆ, ತಳಿಶಾಸ್ತ್ರದವರೊಡನೆ ಕೂತು ಕೆಲಸ ಮಾಡಬಲ್ಲ ಕಳೆತಜ್ಞರಿಗೆ ಬೆಲೆ ಹೆಚ್ಚಿದೆಯೆಂದೇ ನನ್ನ ಎಣಿಕೆ.

ಹಡಪಸರದ ತಾಯಿ:
ಇಬ್ಬರಿಗೂ ಕೃತಜ್ಞತೆಗಳು. ಹತ್ತಿ ಎಲೆಯ ಪ್ರಸಂಗವನ್ನು ಫೋನಿನಲ್ಲಿ ಓದಿ ಹೇಳಿದಾಗ ಅತ್ತೆಯವರು ನಗಲಿಲ್ಲ. ತಮ್ಮ ಹೊಲದಲ್ಲಿಯೂ ಹಾಗೆಯೇ ಆಗಿತ್ತೆಂದು ನೆನಪಿಸಿಕೊಂಡರು. ಒಂದು ಸಂದೇಹ ಉಳಿದಿದೆ. ಕಳೆದ ಆಗಸ್ಟಿನಲ್ಲಿ ಕಾಲೇಜಿನ ಹೊಲದಲ್ಲಿ ಕಾಂಗ್ರೆಸ್ ಗಿಡ ಕಿತ್ತ ಮೇಲೆ ಮಗಳ ಮೊಣಕೈವರೆಗೆ ಕೆಂಪಗೆ ದದ್ದು ಎದ್ದಿತ್ತು. ಇದು ಮುಂದೆ ತೊಡಕಾದೀತೇ?

ನಿವೃತ್ತ ಬೇಸಾಯಶಾಸ್ತ್ರಜ್ಞ, ಔಂಧ್:
ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಅನೇಕರ ಚರ್ಮಕ್ಕೆ ಆಗಿಬರುವುದಿಲ್ಲ, ಮತ್ತೆ ಮತ್ತೆ ತಗುಲಿದಷ್ಟೂ ಬಾಧೆ ಹೆಚ್ಚಬಹುದು. ಮೊದಲು ಚರ್ಮರೋಗ ತಜ್ಞರಿಗೆ ತೋರಿಸಿ. ಕೈಗವಸು, ತುಂಬು ತೋಳಿನ ಅಂಗಿ ಇಲ್ಲದೆ ಆ ಗಿಡದ ಹತ್ತಿರ ಹೋಗುವುದು ಬೇಡ. ಹೂ ಬಿಟ್ಟ ಗಿಡವನ್ನಂತೂ ಅವಳು ಮುಟ್ಟುವುದೇ ಬೇಡ. ಪ್ರಬಂಧಕ್ಕೆ ಸೋಯಾ ಅಥವಾ ಕಬ್ಬಿನ ಕಳೆಗಳನ್ನು ಆರಿಸಿಕೊಂಡರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.