ಶಾಬಜಾರ ಮನಿ ಗುಂಪಿನ್ಯಾಗ ಲಿವರ್ ಜಗಳ

(ಮೊನ್ನಿ ಆಯ್ತಾರ ನಮ್ಮ ಮನಿ ವಾಟ್ಸಾಪ್ ಗುಂಪಿನ್ಯಾಗ ನಡದದ್ದು. ಶುಭೋದಯದ ಹೂವು, ಶರಣಬಸಪ್ಪನ ಜಾತ್ರಿ ವಿಡಿಯೋ ತಗದೀನಿ. ಉಳಿದದ್ದು ಇದ್ದಂಗೇ ಅದ, ಹೆಸರಷ್ಟೇ ಬದ್ಲಿ.)

ಶಾಂತಪ್ಪ ಕಾಕಾ: [ಫಾರ್ವರ್ಡ್] ಎಚ್ಚರ! ಮನುಷ್ಯನ ದೇಹದಿಂದ ತೆಗೆದ ಲಿವರ್ ಪೆಟ್ಟಿಗೆಯಲ್ಲಿ ಜೀವಂತ!! 3 ದಿನ ಇಟ್ಟು ಮಾರುತ್ತಾರೆ. ಅಂಗದಾನಕ್ಕೆ ಸಹಿ ಮಾಡುವ ಮುನ್ನ ಯೋಚಿಸಿ. ಎಲ್ಲ ಗುಂಪುಗಳಿಗೂ ಕಳಿಸಿ.

ಶಾಂತಪ್ಪ ಕಾಕಾ: ಎಲ್ಲರೂ ವಿಡಿಯೋ ನೋಡ್ರಿ. ಅಲ್ಲಾಡ್ಲಕತ್ತಾದ.

ಸುಜಾತಕ್ಕ: ಕಾಕಾ, ವಿಡಿಯೋ ಖರೆ ಅದ. ಕೆಳಗ ಬರದದ್ದು ಸುಳ್ಳ.

ಶಾಂತಪ್ಪ ಕಾಕಾ: ನೀ ದವಾಖಾನಿ ಮಂದಿ. ನಿಮ್ ಕಡೀನೇ ಮಾತಾಡ್ತಿ.

ಸುಜಾತಕ್ಕ: ನಾ ಇರೋ ಬರ್ಮಿಂಗ್‌ಹ್ಯಾಮಿನ್ಯಾಗೇ ವಿಡಿಯೋದಾಗಿನ ಈ ಮಷಿನಿನ ದೊಡ್ಡ ಪರೀಕ್ಷಾ ಆಗ್ಯಾದ ಕಾಕಾ. ಕಣ್ಣಾರೆ ನೋಡೀನಿ. ಸ್ವಲ್ಪ ತಡೀರಿ, ಡ್ಯೂಟಿ ಮುಗಿಸಿ ಬರೀತೀನಿ.

ಈರಣ್ಣ: ಕಾಕಾ ತಡಿಯಂಗಿಲ್ಲ, ನಾಕ್ ಗುಂಪಿಗೆ ಕಳಿಸ್ಯಾರ ಆಗಲೇ.

ಸುಜಾತಕ್ಕ: ಇಷ್ಟು ದಿನ ಇನ್ನೊಬ್ಬರಿಗೆ ಕಸಿ ಮಾಡ್ಲಿಕ್ಕ ಸತ್ತವರ ಲಿವರ್ ತಗದು, ಔಷಧಿ ನೀರಿನ್ಯಾಗ ತೊಳದು, ಐಸ್ ಪೆಟಗ್ಯಾಗ 4 ಡಿಗ್ರಿಗೆ ಇಡ್ತಿದ್ರು. ಅಲ್ಲಿ ಅದು ಮಲಗಿರ್ತದ. ಮಲಗಿದವನ್ನ ನೋಡಿ ಇಂವ ನಾಳೆ ಹೊಲಾ ಹೊಡೀತಾನೋ ಇಲ್ಲೋ ಅಂತ ಹ್ಯಾಂಗ ಹೇಳ್ತೀರಿ? ಈ ಮಷಿನ್ಯಾಗ 37 ಡಿಗ್ರಿ, ನಮ್ಮ ಮೈ ಬಿಸಿ ಎಷ್ಟೋ ಅಷ್ಟೇ. ಬ್ಲಡ್ ಬ್ಯಾಂಕಿನ ರಕ್ತ, ಆಕ್ಸಿಜನ್, ಸಕ್ಕರಿ, ಇನ್ಸುಲಿನ್ ಎಲ್ಲಾ ಒಳಗ ಹರೀತದ. ಹಚ್ಚಿದಾಗ ಮಾಸಿದ ಅರಬಿ ಬಣ್ಣ ಇದ್ದದ್ದು ನೋಡ್ನೋಡ್ತಾ ಕೆಂಪ್ ಆಗ್ತದ. ಬಾಜೂಕ ಒಂದ್ ಸಣ್ಣ ನಳಗಿ. ಅದರಾಗಿಂದ ಪಿತ್ತ ಹನಿ ಹನಿ ಇಳೀತದ, ಮೊದ್ಲ ತಿಳಿ ಹಳದಿ, ಆಮ್ಯಾಲ ಹುಣಸಿ ರಸದಂಗ. ಆ ಹನಿಗೇ ನಾವೆಲ್ಲ ಕಣ್ಣು ನೆಟ್ಟು ನಿಂತಿರ್ತೀವಿ.

ಸುಜಾತಕ್ಕ: ರಕ್ತದಾಗ ಲ್ಯಾಕ್ಟೇಟ್ ಅಂತ ಒಂದ್ ಆಮ್ಲ ಇರ್ತದ. ಛಲೋ ಲಿವರ್ ಇದ್ರ ಅದನ್ನ ತಿಂದ್ ಹಾಕ್ತದ. 4 ತಾಸಿನ್ಯಾಗ 2.5ಕ್ಕಿಂತ ಕೆಳಗ ಇಳಿಬೇಕು. ಇಳೀಲಿಲ್ಲಂದ್ರ ಆ ಲಿವರ್ ಯಾರಿಗೂ ಹಾಕಂಗಿಲ್ಲ. ಮಾರೋದಲ್ಲ ಕಾಕಾ, ತಪಾಸಣಿ ಮಾಡೋದು.

ಶಾಂತಪ್ಪ ಕಾಕಾ: ಪಿತ್ತ ಮಾಡ್ತದ ಅಂದ್ರ ಜೀವ ಅದ. ಜೀವ ಇದ್ದವನ್ನ ಕೊಯ್ದಂಗಾತಲ್ಲ? ಇದಕ್ಕ ಉತ್ತರ ಕೊಡು. 34 ವರ್ಷ ಮಾಸ್ತರಕಿ ಮಾಡೀನಿ, ಪ್ರಶ್ನಿ ಬಿಟ್ಟು ಬ್ಯಾರೆ ಉತ್ತರ ಬರದ್ರ ಸೊನ್ನಿ ಹಾಕ್ತೀನಿ.

ಸುಜಾತಕ್ಕ: ಲಿವರ್ ಬ್ಯಾರೆ, ಮನಷ್ಯ ಬ್ಯಾರೆ. ನಮ್ ದೇಶದಾಗ 1994ರ ಅಂಗ ಕಸಿ ಕಾಯ್ದಾ ಅದ. ಅಂಗ ತಗಿಯೋಕಿಂತ ಮೊದ್ಲ ಮಿದುಳು ಸತ್ತಾದಂತ ನಾಕ್ ಮಂದಿ ಡಾಕ್ಟರ್ ಬರೀಬೇಕು. 6 ತಾಸು ಬಿಟ್ಟು ಮತ್ತ ಪರೀಕ್ಷಾ ಮಾಡಬೇಕು. ಆ ನಾಕ್ ಮಂದಿಯಾಗ ಕಸಿ ಮಾಡೋ ಡಾಕ್ಟರ್ ಒಬ್ಬಾಂವನೂ ಇರಂಗಿಲ್ಲ.

ನಾನು: ಆ 3 ದಿನದ್ದು?

ಸುಜಾತಕ್ಕ: ಅದು ಜ್ಯೂರಿಕ್‌ದಾಗ, 2021ರಾಗ. ಬ್ಯಾರೆ ದವಾಖಾನಿಯವರೆಲ್ಲ ಒಲ್ಲೆ ಅಂದ ಲಿವರ್. 3 ದಿನ ಮಷಿನ್ಯಾಗ ಇಟ್ಟು, ಲಿವರ್ ಕ್ಯಾನ್ಸರ್ ಇದ್ದ ಒಬ್ಬರಿಗೆ ಹಾಕಿದ್ರು. ಅವರು ಬದುಕಿದ್ರು. ಅದನ್ನ ಯಾರೂ ಫಾರ್ವರ್ಡ್ ಮಾಡಂಗಿಲ್ಲ.

ಈರಣ್ಣ: ನಂಗ ತಿಳೀತು. ರಿವೈಂಡಿಂಗ್ ಮಾಡಿಸಿದ ಮೋಟಾರ್ ಬೋರಿಗೆ ಇಳಿಸೋಕಿಂತ ಮೊದ್ಲ ನೀರಿನ ಡ್ರಮ್ಮಿನ್ಯಾಗ ಓಡ್ಸಿ ನೋಡ್ತೀವಲ್ಲ, ಅದೇ.

ಶಾಂತಪ್ಪ ಕಾಕಾ: ಡ್ರಮ್ಮಿನ್ಯಾಗ ಛಲೋ ಓಡಿದ ಮೋಟಾರ್ ಬೋರಿನ್ಯಾಗ ಎಂಟೇ ದಿನಕ್ಕ ಸುಟ್ಟದ್ದು ನಿನ್ನ ಹೊಲದಾಗೇ ಆಗ್ಯಾದ. ಹೋದ್ ವರ್ಷ. ಮರ್ತಿ?

ಸುಜಾತಕ್ಕ: ಕಾಕಾ ಅಂದದ್ದರಾಗ ಖರೆ ಅದ. ಇಲ್ಲಿ ಮಾಡಿದ್ದು 2020ರಾಗ ಅಚ್ಚಾತು. ಎಲ್ಲರೂ ಬ್ಯಾಡಂದ 31 ಲಿವರ್ ಮಷಿನಿಗೆ ಹಚ್ಚಿದ್ರು. 22 ಪಾಸ್ ಆದವು, 22 ಮಂದಿಗೆ ಹಾಕಿದ್ರು. 90 ದಿನಕ್ಕ 22 ಮಂದೀನೂ ಇದ್ರು. ಆದ್ರ ಮುಂದ ನಾಕ್ ಮಂದಿಗೆ ಪಿತ್ತನಾಳ ಕೆಟ್ಟು ಇನ್ನೊಂದ್ ಸಲ ಕಸಿ ಮಾಡಬೇಕಾತು. ಪಿತ್ತ ಹನೀಲಕತ್ತಾದಂತ ನಾಳನೂ ಛಲೋ ಅದ ಅಂತಲ್ಲ. ಈಗ ಪಿತ್ತದ ಗುಣಾನೂ ಅಳೀತಾರ.

ಶಾಂತಪ್ಪ ಕಾಕಾ: ಹ್ಞಾಂ. ಇದನ್ನ ಮೊದ್ಲೇ ಹೇಳ್ಬೇಕಿತ್ತು. ತೂಕ ಬರ್ತದ ಮಾತಿಗೆ.

ನೀಲಾ ಅತ್ತಿ: (ಅತ್ತಿಗೆ ಟೈಪ್ ಬರಂಗಿಲ್ಲ, ದನಿ ಕಳಿಸ್ಯಾಳ. ನಾ ಬರದೀನಿ.) ಸುಜಾತಾ, ಎಲ್ಲರೂ ಬ್ಯಾಡಂದ ಲಿವರ್ ಅಂದ್ಯಲ್ಲವ್ವಾ. ನಿಮ್ ಮಾಮಂದೂ ಬ್ಯಾಡಂದ್ರಲ್ಲ. ಹುಮನಾಬಾದ ಹತ್ರ ಗಾಡಿ ಬಿತ್ತು, ಹೈದರಾಬಾದಿಗೆ ಒಯ್ದ್ವಿ. ಆ ವರ್ಷ ಸಿನಿಮಾದ ಸಂಚಾರಿ ವಿಜಯ್ ಮನಿಯವರು ಅಂವನ ಅಂಗ ಕೊಟ್ಟದ್ದು ಟಿವಿಯಾಗ ನೋಡಿದ್ವಿ, ಈರಣ್ಣ ಕೇಳ್ದ, ನಾನೂ ಹ್ಞೂಂ ಅಂದೆ. ಎರಡೂ ಕಿಡ್ನಿ ಒಯ್ದ್ರು, ಕಣ್ಣ ಒಯ್ದ್ರು. ಲಿವರ್ ನಡಿಯಂಗಿಲ್ಲ ಅಂದ್ರು, ಯಾಕಂತ ಕುಂದ್ರಿಸಿ ಹೇಳಲಿಲ್ಲ. ಊರಾಗ ಗಿರಣಿ ಮುಂದ ಕುಂತವರು ಏನಂದ್ರು ಗೊತ್ತದನು? ಕುಡೀತಿದ್ದ, ಅದಕ್ಕ ಬ್ಯಾಡಂದ್ರು ಅಂತ. ವಿಭೂತಿ ಹಚ್ಚದ ಚಾ ಕುಡಿದ ಮನಷ್ಯ ಅಲ್ಲ ಅಂವ. ಅವತ್ತ ಆ ಮಷಿನ್ ಇದ್ದಿದ್ರ?

(ಅರ್ಧಾ ತಾಸು ಯಾರೂ ಏನೂ ಬರೀಲಿಲ್ಲ. ಕಾಕಾ ‘ಟೈಪಿಂಗ್’ ಅಂತ ಎರಡ್ ಸಲ ತೋರಿಸಿ ಬಂದ್ ಆತು.)

ಸುಜಾತಕ್ಕ: ಹಚ್ಚಿ ನೋಡ್ತಿದ್ರು ಅತ್ತಿ. ಪಾಸ್ ಆಗ್ತಿತ್ತು ಅಂತ ನಾ ಹೇಳಂಗಿಲ್ಲ. ಅಂಥಾ ಮಷಿನ್ ಎಲ್ಲಾ ಕಡೆ ಇಲ್ಲ, ಒಂದೊಂದ್ ಲಿವರಿಗೂ ಹೊಸಾ ಸೆಟ್ ಹಚ್ಚಬೇಕು, ಖರ್ಚ್ ಭಾಳ. ಮಾಮಾನ ಫೈಲ್ ಅದನು?

ಈರಣ್ಣ: ಅದ ಅಕ್ಕಾ. ಇನ್ಶೂರೆನ್ಸಿಗಂತ ತಂದದ್ದು, ಟ್ರಂಕಿನ್ಯಾಗ. [ಫೋಟೋ] ಈ ಹಾಳಿ ನಂಗ ತಿಳಿಯಂಗಿಲ್ಲ.

ಸುಜಾತಕ್ಕ: ಇದೇ ನೋಡು. ಲಿವರಿಂದ ಒಂದ್ ಚೂರು ತಗದು ಸೂಕ್ಷ್ಮದರ್ಶಕದಾಗ ನೋಡ್ಯಾರ. ಸ್ಟಿಯಾಟೋಸಿಸ್ 60 ಪರ್ಸೆಂಟ್. ಲಿವರಿನ್ಯಾಗ ಕೊಬ್ಬು ತುಂಬ್ಯಾದ ಅಂತ ಅರ್ಥ. ಅಂಥಾ ಲಿವರ್ ಐಸ್ ತಡಿಯಂಗಿಲ್ಲ, ಅದಕ್ಕ ಬ್ಯಾಡಂದಾರ. ಮಷಿನ್ಯಾಗೂ ಅಂಥವು ಭಾಳ ಫೇಲ್ ಆಗ್ತಾವ ಅತ್ತಿ, ಸುಳ್ಳ ಹೇಳಂಗಿಲ್ಲ.

ನೀಲಾ ಅತ್ತಿ: (ದನಿ) ಕುಡಿಯೋದಂತ ಎಲ್ಲೂ ಬರದಿಲ್ಲ ಹೌದಲ್ಲ?

ಸುಜಾತಕ್ಕ: ಇಲ್ಲ ಅತ್ತಿ. ಶುಗರ್ ಇದ್ದವರಿಗೆ, ಮೈ ಬಂದವರಿಗೆ ಒಂದ್ ಹನಿ ಕುಡೀದಿದ್ರೂ ಆಗ್ತದ. ಮಾಮಾಗ ಎರಡೂ ಇದ್ವು.

ನೀಲಾ ಅತ್ತಿ: (ದನಿ) ಅದನ್ನ ಕನ್ನಡದಾಗ ಬರದು ಕೊಡ್ರಿ ಯಾರರೆ. ಗಿರಣಿಗೆ ಜ್ವಾಳ ಬೀಸ್ಲಿಕ್ಕ ಹೋದಾಗ ಓದಿಸ್ತೀನಿ.

ಶಾಂತಪ್ಪ ಕಾಕಾ: ನಾ ಬರೀತೀನಿ ನೀಲಾ. ಸುಜಾತಾ, ಸ್ಟಿಯಾಟೋಸಿಸ್‌ಗೆ ಕನ್ನಡದಾಗ ಏನಂತ ಬರೀಲಿ?

ಸುಜಾತಕ್ಕ: ಕೊಬ್ಬು ಅಂತ ಬರೀರಿ ಕಾಕಾ. ಬರೇ ಕೊಬ್ಬು.